ದಾವೀದನ ಕಥೆ ಅಂದರೆ ಗೊಲ್ಯಾತ ಮಾತ್ರಾನಾ? ಅಭಿಷೇಕದಿಂದ ಸಿಂಹಾಸನದವರೆಗಿನ ದಾರಿ ಬಗ್ಗೆ ಮಾತಾಡೋಣ

ತುಂಗಾತೀರ

ಸಂಡೇ ಸ್ಕೂಲ್ ಪುಸ್ತಕಗಳಲ್ಲಿ ದಾವೀದನಿಗೆ ಸಾಮಾನ್ಯವಾಗಿ ಎರಡೇ ಚಿತ್ರ. ಒಂದರಲ್ಲಿ ಕವಣೆ ಬೀಸುವ ಹುಡುಗ. ಇನ್ನೊಂದರಲ್ಲಿ ಕಿರೀಟ ಹಾಕಿಕೊಂಡು ಕಿನ್ನರಿ ನುಡಿಸುವ ಅರಸ. ನಡುವೆ ಏನಾಯಿತು ಅಂತ ಕೇಳಿದರೆ ಮಕ್ಕಳ ಮಾತಿರಲಿ, ದೊಡ್ಡವರೂ ತಡವರಿಸುತ್ತಾರೆ.

ಆದರೆ ಬೈಬಲ್ ಜಾಸ್ತಿ ಹೊತ್ತು ನಿಲ್ಲುವುದು ಆ ನಡುವಿನಲ್ಲೇ. 1 ಸಮುವೇಲ 16ರಲ್ಲಿ ಬೆತ್ಲೆಹೇಮಿನಲ್ಲಿ ಅವನ ಅಪ್ಪ ಇಷಯನ ಮನೆಯಲ್ಲಿ ಅಭಿಷೇಕ ಆಗುತ್ತದೆ. ಇಡೀ ಇಸ್ರಾಯೇಲಿಗೆ ಅರಸನಾಗುವುದು 2 ಸಮುವೇಲ 5ರಲ್ಲಿ. ಅಂದರೆ ಒಟ್ಟು 21 ಅಧ್ಯಾಯ. ಅದರಲ್ಲಿ ಫಿಲಿಷ್ಟಿಯರ ದೈತ್ಯ ಗೊಲ್ಯಾತನಿಗೆ ಸಿಕ್ಕಿದ್ದು ಒಂದೇ ಒಂದು. ಉಳಿದದ್ದರಲ್ಲಿ ಬಹುಪಾಲು ಓಡಾಟ, ಅಡಗುವುದು, ಹಸಿವು, ಶತ್ರುಗಳ ಊರಲ್ಲಿ ಹುಚ್ಚನ ವೇಷ, ಗುಹೆ, ಸಾಲಗಾರರ ಗುಂಪು.

ನಾವು ಪ್ರಸಂಗಗಳಲ್ಲಿ ಕೇಳುವುದು ಏನು? 'ನಿನ್ನ ಜೀವನದ ಗೊಲ್ಯಾತ ಯಾರು? ಒಂದು ಕಲ್ಲು ಸಾಕು!' ಪರೀಕ್ಷೆ, ಲೋನ್, ವೀಸಾ, ಕೆಟ್ಟ ಬಾಸ್, ಎಲ್ಲರೂ ಗೊಲ್ಯಾತರೇ. ಆ ರಾಕ್ಷಸನನ್ನು ಗೆದ್ದ ಹುಡುಗನಿಗೆ ಮುಂದೆ ಸಿಕ್ಕಿದ್ದು ಆಗಿನ ಅರಸ ಸೌಲನ ಈಟಿ ಅಂತ ಯಾರೂ ಹೇಳುವುದಿಲ್ಲ. ಗೆದ್ದದ್ದಕ್ಕೇ ಅವನು ಓಡಬೇಕಾಯಿತು, ಅಲ್ವಾ?

ನನ್ನ ಪ್ರಕಾರ ಕ್ರೈಸ್ತರಿಗೆ ದಾವೀದನ ಏಳಿಗೆಯ ಅರ್ಥ ಇರುವುದು ಅಭಿಷೇಕಕ್ಕೂ ಸಿಂಹಾಸನಕ್ಕೂ ನಡುವಿನ ಆ ಅಂತರದಲ್ಲಿ. ನೀವೇನು ಹೇಳುತ್ತೀರಿ?

ಕೊಡಚಾದ್ರಿ ಮಳೆ

ಒಪ್ಪುತ್ತೇನೆ. ಒಂದು ವಿಷಯ ಸೇರಿಸುತ್ತೇನೆ. ಹೊಸ ಒಡಂಬಡಿಕೆಯಲ್ಲಿ ಗೊಲ್ಯಾತನ ಹೆಸರೇ ಇಲ್ಲ! ಮತ್ತಾಯನಿಂದ ಪ್ರಕಟನೆವರೆಗೆ ಹುಡುಕಿ ನೋಡಿ. ದಾವೀದನ ಹೆಸರು ಮತ್ತೆ ಮತ್ತೆ ಬರುತ್ತದೆ, ಗೊಲ್ಯಾತ ಒಮ್ಮೆಯೂ ಬರುವುದಿಲ್ಲ.

ಇನ್ನೂ ಸ್ವಾರಸ್ಯ ಇದೆ. ಯೇಸು ತಾನೇ ದಾವೀದನ ಏಳಿಗೆಯ ಕಾಲದ ಒಂದು ಘಟನೆಯನ್ನು ಎತ್ತಿ ಹೇಳುತ್ತಾನೆ. ಯಾವುದು ಗೊತ್ತಾ? ನೋಬ್ ಊರಿನ ರೊಟ್ಟಿ. ಮಾರ್ಕ 2ರಲ್ಲಿ ಶಿಷ್ಯರು ಸಬ್ಬತ್ ದಿನ ತೆನೆ ಕಿತ್ತು ತಿಂದಾಗ ಫರಿಸಾಯರು ಆಕ್ಷೇಪ ಎತ್ತುತ್ತಾರೆ. ಆಗ ಯೇಸು, ದಾವೀದನೂ ಅವನ ಜೊತೆಗಾರರೂ ಹಸಿದಾಗ ಯಾಜಕರು ಮಾತ್ರ ತಿನ್ನಬೇಕಾದ ರೊಟ್ಟಿ ತಿಂದದ್ದನ್ನು ನೀವು ಓದಿಲ್ಲವೇ ಅಂತ ಕೇಳುತ್ತಾನೆ. ಇಷ್ಟು ದೊಡ್ಡ ಕಥೆಯಲ್ಲಿ ಅವನು ಆರಿಸಿಕೊಂಡದ್ದು ಹಸಿದು, ತಲೆತಪ್ಪಿಸಿಕೊಂಡು, ಕೈಯಲ್ಲಿ ಕತ್ತಿಯೂ ಇಲ್ಲದೆ ಬಂದ ದಾವೀದನನ್ನು.

(ಮಾರ್ಕನಲ್ಲಿ ಮಹಾಯಾಜಕನ ಹೆಸರು ಎಬ್ಯಾತಾರ ಅಂತ ಇದೆ, 1 ಸಮುವೇಲ 21ರಲ್ಲಿ ಅಹೀಮೆಲೆಕ. ಎಬ್ಯಾತಾರ ಅವನ ಮಗ. ಮತ್ತಾಯ, ಲೂಕ ಇಬ್ಬರೂ ಹೆಸರನ್ನೇ ಬಿಟ್ಟಿದ್ದಾರೆ. ಯಾರಾದರೂ ಕೇಳುವ ಮುಂಚೆ ನಾನೇ ಹೇಳಿಬಿಟ್ಟೆ.)

ಪ್ರಶ್ನೆಗಾರ

ನಾನು ಸಭೆಗೆ ಹೋಗುವವನಲ್ಲ, ಆದರೆ ಈ ಪುಸ್ತಕ ನನಗೆ ಇಷ್ಟ. ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ.

ಯಾರು ಯಾರು ಸತ್ತರು ನೋಡಿ. ನಾಬಾಲ ಸತ್ತ, ಅವನ ಹೆಂಡತಿ ಅಬೀಗೈಲ ದಾವೀದನ ಮನೆ ಸೇರಿದಳು. ಸೌಲ ಗಿಲ್ಬೋವ ಬೆಟ್ಟದಲ್ಲಿ ಸತ್ತ, ಅವನ ಕಿರೀಟ ಒಬ್ಬ ಅಮಾಲೇಕ್ಯನ ಕೈಯಲ್ಲಿ ದಾವೀದನ ಹತ್ತಿರ ಬಂತು. ಸೌಲನ ಸೇನಾಪತಿ ಅಬ್ನೇರ ಸಂಧಾನ ಮುಗಿಸಿ ಹೊರಟ, ದಾವೀದನ ಸೇನಾಪತಿ ಯೋವಾಬ ಅವನನ್ನು ಹೆಬ್ರೋನಿನ ಬಾಗಿಲಲ್ಲೇ ತಿವಿದ. ಸೌಲನ ಮಗ ಈಷ್ಬೋಶೆತ ಮಧ್ಯಾಹ್ನ ಮಲಗಿದ್ದಾಗ ಕೊಲೆಯಾದ, ತಲೆ ಹೆಬ್ರೋನಿಗೆ ಬಂತು. ಒಂದು ಸಲವೂ ದಾವೀದನ ಕೈಗೆ ರಕ್ತ ಅಂಟಿಲ್ಲ. ಅಬ್ನೇರನಿಗೂ ಸೌಲನಿಗೂ ಅತ್ತ, ಶೋಕಗೀತೆ ಕಟ್ಟಿದ. ಲಾಭ ಮಾತ್ರ ಪ್ರತಿ ಸಲವೂ ಅವನಿಗೇ.

ಇವತ್ತಿನ ಯಾವುದೇ ಪೊಲೀಸ್ ಠಾಣೆಯಲ್ಲಿ ಇದನ್ನು ಹೇಳಿದರೆ ನಂಬುತ್ತಾರಾ?

ವಿದ್ವಾಂಸರು ಇದನ್ನು ಹೊಸದಾಗಿ ಹೇಳುತ್ತಿಲ್ಲ. ಸಿಂಹಾಸನ ಕಿತ್ತುಕೊಂಡ ರಾಜರು ತಮ್ಮ ಪರವಾಗಿ ಹೀಗೆ ಬರೆಸಿಕೊಳ್ಳುವುದು ಆ ಕಾಲದಲ್ಲಿ ಇತ್ತು. ಇವತ್ತಿನ ಟರ್ಕಿಯ ಭಾಗದಲ್ಲಿ ಆಳಿದ ಹಿಟ್ಟೈಟ್ ಅರಸ ಮೂರನೆಯ ಹತ್ತುಸಿಲಿ, ಕ್ರಿ.ಪೂ. 13ನೇ ಶತಮಾನದವನು, ಅಣ್ಣನ ಮಗನನ್ನು ಕೆಳಗಿಳಿಸಿ ತಾನು ಕುಳಿತ. ಆಮೇಲೆ ದೇವಿಯ ಕೃಪೆ ನನ್ನ ಮೇಲಿತ್ತು, ನಾನು ಬಹಳ ಕಾಲ ತಾಳಿಕೊಂಡೆ ಅಂತ ಬರೆಸಿದ. ದಾವೀದನ ಕಥೆಯನ್ನು ಅದರ ಪಕ್ಕ ಇಟ್ಟು ಓದಿ. ತುಂಬಾ ಹೋಲುತ್ತದೆ.

ಹಳೆ ಪುಸ್ತಕ

ಪ್ರಶ್ನೆಗಾರ ಸರ್, ಹೋಲಿಕೆ ಇದೆ, ಅಲ್ಲಗಳೆಯುವುದಿಲ್ಲ. ಅರಮನೆಗೆ ಬೇಕಾದ ವಾದ ಈ ಅಧ್ಯಾಯಗಳಲ್ಲಿ ಇದೆ ಅನ್ನುವುದು ಓದುವವರಿಗೆಲ್ಲ ಕಾಣುತ್ತದೆ. ಆದರೆ ಬರೀ ವಕೀಲಿ ಬರಹ ಅಂದರೆ ಕೆಲವು ವಿಷಯ ಲೆಕ್ಕಕ್ಕೆ ಸಿಗುವುದಿಲ್ಲ.

ಮೊದಲನೆಯದು ಚಿಕ್ಲಗ್, ಆಕೀಷ ದಾವೀದನಿಗೆ ಇರಲು ಕೊಟ್ಟ ಊರು. ದಾವೀದ ಫಿಲಿಷ್ಟಿಯರ ಗತ್ ಊರಿನ ಅರಸ ಆಕೀಷನ ಆಶ್ರಯದಲ್ಲಿ 1 ವರ್ಷ 4 ತಿಂಗಳು ಇದ್ದ. ಗೊಲ್ಯಾತನ ಊರೇ ಅದು! ಆ ಕಾಲದಲ್ಲಿ ಅವನು ತೆಂಕಣ ಊರುಗಳ ಮೇಲೆ ದಾಳಿ ಮಾಡಿ ಗಂಡಸರು ಹೆಂಗಸರು ಯಾರನ್ನೂ ಬಿಡದೆ ಕೊಂದ. ಯಾಕೆ? ಯಾರೂ ಗತ್ ಊರಿಗೆ ಬಂದು ನಿಜ ಹೇಳಬಾರದು ಅಂತ. ಆಕೀಷನಿಗೆ ಮಾತ್ರ ಯೆಹೂದದ ಮೇಲೆ ದಾಳಿ ಮಾಡಿದೆ ಅಂತ ಸುಳ್ಳು ಹೇಳಿದ. ಇದನ್ನು 1 ಸಮುವೇಲ 27 ನೇರವಾಗಿ ಹೇಳುತ್ತದೆ. ಯಾವ ವಕೀಲ ತನ್ನ ಕಕ್ಷಿಗಾರನ ಬಗ್ಗೆ ಇದನ್ನು ಬರೆಯುತ್ತಾನೆ?

ಎರಡನೆಯದು ನೋಬ್. ರೊಟ್ಟಿ ಕೊಟ್ಟ ತಪ್ಪಿಗೆ ಸೌಲನ ಅಪ್ಪಣೆಯಂತೆ ಎದೋಮ್ಯನಾದ ದೋಯೇಗ 85 ಯಾಜಕರನ್ನು ಕೊಂದ. ತಪ್ಪಿಸಿಕೊಂಡು ಬಂದ ಎಬ್ಯಾತಾರನಿಗೆ ದಾವೀದ ಏನು ಹೇಳಿದ? ಆ ದಿನ ದೋಯೇಗನನ್ನು ಅಲ್ಲಿ ನೋಡಿದಾಗಲೇ ಗೊತ್ತಿತ್ತು, ನಿನ್ನ ತಂದೆಯ ಮನೆಯವರೆಲ್ಲರ ಸಾವಿಗೆ ನಾನೇ ಕಾರಣ ಅಂದ. ಆ ಯಾಜಕನಿಗೆ ದಾವೀದ ಸುಳ್ಳು ಹೇಳಿದ್ದ, ರಾಜಕಾರ್ಯಕ್ಕೆ ಬಂದಿದ್ದೇನೆ ಅಂದಿದ್ದ. ಪಾಪ, ಅಹೀಮೆಲೆಕನಿಗೆ ಏನೂ ಗೊತ್ತಿರಲಿಲ್ಲ.

ಮೂರನೆಯದು ಶಿಮ್ಮಿ. 2 ಸಮುವೇಲ 16ರಲ್ಲಿ ಸೌಲನ ಮನೆತನದ ಈ ಮನುಷ್ಯ ದಾವೀದನ ಮೇಲೆ ಕಲ್ಲೆಸೆಯುತ್ತಾ, ಕೊಲೆಗಾರ, ಸೌಲನ ಮನೆಯವರ ರಕ್ತ ನಿನ್ನ ಮೇಲಿದೆ ಅಂತ ಕೂಗುತ್ತಾನೆ. ಅಂದರೆ ನೀವು ಈಗ ಹೇಳಿದ ಆರೋಪವೇ ಪುಸ್ತಕದೊಳಗೇ ಇದೆ. ದಾವೀದ ಅವನನ್ನು ಕೊಲ್ಲಲು ಬಿಡುವುದಿಲ್ಲ. ಯೆಹೋವನೇ ಅವನಿಗೆ ಶಪಿಸು ಅಂದಿರಬಹುದು ಅನ್ನುತ್ತಾನೆ.

ಪ್ರಶ್ನೆಗಾರ

ಶಿಮ್ಮಿ ವಿಷಯ ಒಳ್ಳೆಯ ಉತ್ತರ. ಆದರೆ ಸಾಯುವಾಗ ದಾವೀದ ಅವನ ಲೆಕ್ಕ ಚುಕ್ತಾ ಮಾಡು ಅಂತ ಸೊಲೊಮೋನನಿಗೆ ಹೇಳಿದ್ದನ್ನೂ ಸೇರಿಸಿ. 1 ಅರಸು 2.

ಹಳೆ ಪುಸ್ತಕ

ಸೇರಿಸಿದೆ. ಅದನ್ನೂ ಬರೆದಿಟ್ಟವರು ಇವರೇ ತಾನೇ.

ಗಾಳಿಮಾತು

ಕೇಳಿದ್ದೇನೆ, ದಾವೀದ ಅನ್ನುವವನೇ ಇರಲಿಲ್ಲವಂತೆ?

ಕೊಡಚಾದ್ರಿ ಮಳೆ

ಆ ವಾದ ಮೊದಲಿನಷ್ಟು ಜೋರಾಗಿಲ್ಲ. ಇಸ್ರೇಲಿನ ಉತ್ತರದ ತೇಲ್ ದಾನ್‌ನಲ್ಲಿ ಅವ್ರಹಾಮ್ ಬಿರಾನ್ ಅವರ ತಂಡಕ್ಕೆ 1993ರಲ್ಲಿ ಒಂದು ಕಲ್ಲು ಶಾಸನದ ತುಂಡು ಸಿಕ್ಕಿತು, ಮರುವರ್ಷ ಇನ್ನಷ್ಟು ತುಂಡುಗಳು. ಅರಾಮಿಕ್ ಭಾಷೆ, ಕ್ರಿ.ಪೂ. 9ನೇ ಶತಮಾನ. ಶತ್ರು ಅರಸನೊಬ್ಬ ತಾನು ಗೆದ್ದವರ ಬಗ್ಗೆ ಕೊಚ್ಚಿಕೊಳ್ಳುವಾಗ 'ದಾವೀದನ ಮನೆತನ' ಅನ್ನುತ್ತಾನೆ. ಹೆಚ್ಚಿನ ವಿದ್ವಾಂಸರು ಅದನ್ನು ಹಾಗೇ ಓದುತ್ತಾರೆ. ಅಂದರೆ ದಾವೀದನ ಹೆಸರಿನ ರಾಜವಂಶ ಇತ್ತು. ಅವನ ರಾಜ್ಯ ಎಷ್ಟು ದೊಡ್ಡದು ಅನ್ನುವ ಜಗಳ ಬೇರೆ, ಅದು ಇನ್ನೂ ಮುಗಿದಿಲ್ಲ. ಕವಣೆ, ಗುಹೆ, ದಾವೀದನ ಗೆಳೆಯನಾದ ಸೌಲನ ಮಗ ಯೋನಾತಾನ, ಇವುಗಳ ಬಗ್ಗೆ ಕಲ್ಲು ಏನೂ ಹೇಳುವುದಿಲ್ಲ.

ಗಾಳಿಮಾತು

ಹಾಗಾದರೆ ಇನ್ನೊಂದು. 16ನೇ ಅಧ್ಯಾಯದಲ್ಲಿ ದಾವೀದ ಸೌಲನಿಗೆ ಕಿನ್ನರಿ ನುಡಿಸುತ್ತಾನೆ, ಸೌಲನಿಗೆ ಅವನೆಂದರೆ ಬಹಳ ಇಷ್ಟ. 17ರ ಕೊನೆಗೆ ಅದೇ ಸೌಲ, ಈ ಹುಡುಗ ಯಾರ ಮಗ ಅಂತ ಕೇಳುತ್ತಾನೆ. ಇದೇನು ಮರೆವು?

ಹಳೆ ಪುಸ್ತಕ

ಎರಡು ಬೇರೆ ಬೇರೆ ಕಥನಗಳನ್ನು ಒಟ್ಟಿಗೆ ಹೊಲಿದಂತಿದೆ. ಹಳೆಯ ಗ್ರೀಕ್ ಅನುವಾದದ ಮುಖ್ಯ ಪ್ರತಿಯೊಂದರಲ್ಲಿ 17ನೇ ಅಧ್ಯಾಯ ಚಿಕ್ಕದು, ನೀವು ಹೇಳಿದ ಆ ಕೊನೆಯ ಭಾಗವೇ ಇಲ್ಲ. ಗೊಲ್ಯಾತನ ಎತ್ತರವೂ ಅಲ್ಲಿ ಕಡಿಮೆ. ನಮ್ಮ ಬೈಬಲಿನಲ್ಲಿ ಆರೂವರೆ ಮೊಳ, ಹತ್ತಿರ ಹತ್ತಿರ 3 ಮೀಟರ್. ಗ್ರೀಕಿನಲ್ಲೂ ಮೃತ ಸಮುದ್ರದ ಹತ್ತಿರ ಸಿಕ್ಕ ಹಳೆಯ ಸುರುಳಿಯಲ್ಲೂ ನಾಲ್ಕೂವರೆ ಮೊಳ, ಸುಮಾರು 2 ಮೀಟರ್. ಆಗಿನ ಕಾಲಕ್ಕೆ ಅದೂ ದೈತ್ಯನೇ. ಸೌಲನೂ ಎಲ್ಲರಿಗಿಂತ ಎತ್ತರ ಇದ್ದ ಅಂತ ಬರೆದಿದೆ. ಅಂದರೆ ಆ ದಿನ ಹೋಗಿ ಕಾದಬೇಕಾದವನು ಸೌಲನೇ, ಅವನು ಡೇರೆ ಬಿಟ್ಟು ಏಳಲಿಲ್ಲ.

ಕರಾವಳಿಯವಳು

ನನಗೆ ಈ ಕಥೆಯಲ್ಲಿ ಕಾಡುವುದು ಬೇರೆಯದು. 'ಯೆಹೋವನ ಅಭಿಷಿಕ್ತನ ಮೇಲೆ ಕೈ ಹಾಕಬಾರದು.' ಈ ವಾಕ್ಯವನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ.

ನಮ್ಮ ಮನೆಯವರು ಹಿಂದೆ ಹೋಗುತ್ತಿದ್ದ ಒಂದು ಸಭೆಯಲ್ಲಿ ಕಟ್ಟಡದ ದುಡ್ಡಿನ ಲೆಕ್ಕ ಕೇಳಿದರು. ಉತ್ತರವಾಗಿ ಬಂದದ್ದು ಈ ವಾಕ್ಯ. ಪ್ರಸಂಗಪೀಠದಿಂದಲೇ ಓದಿದರು. ದೇವರು ನೇಮಿಸಿದವರನ್ನು ಪ್ರಶ್ನೆ ಮಾಡಿದರೆ ಶಾಪ ತಟ್ಟುತ್ತದೆ ಅಂದರು. ನಮ್ಮಪ್ಪ ಮಾತೇ ಆಡದೆ ಮನೆಗೆ ಬಂದರು. ಆಮೇಲೆ ಲೆಕ್ಕವೂ ಬರಲಿಲ್ಲ, ನಾವೂ ಹೋಗಲಿಲ್ಲ.

ದಾವೀದನ ಕಥೆಯ ಅರ್ಥ ಇದೇನಾ? ದೊಡ್ಡವರು ಏನು ಮಾಡಿದರೂ ಬಾಯಿ ಮುಚ್ಚಿಕೊಂಡಿರಬೇಕಾ?

ತುಂಗಾತೀರ

ಅಕ್ಕ, ಆ ವಾಕ್ಯವನ್ನು ಹೀಗೆ ಬಳಸುವವರು ಆ ಅಧ್ಯಾಯವನ್ನು ಪೂರ್ತಿ ಓದಿಲ್ಲ. ಅಥವಾ ಓದಿಯೂ ಬೇಕಂತಲೇ ಅರ್ಧಕ್ಕೆ ನಿಲ್ಲಿಸುತ್ತಾರೆ.

1 ಸಮುವೇಲ 24. ಏಂಗೆದಿಯ ಗುಹೆ. ಸೌಲ 3000 ಜನರನ್ನು ಕಟ್ಟಿಕೊಂಡು ದಾವೀದನನ್ನು ಹುಡುಕುತ್ತಾ ಬರುತ್ತಾನೆ. ಶೌಚಕ್ಕೆ ಅಂತ ಗುಹೆಯೊಳಗೆ ಹೋಗುತ್ತಾನೆ. ಒಳಗೆ ಕತ್ತಲಲ್ಲಿ ಕುಳಿತಿರುವವರು ದಾವೀದನೂ ಅವನ ಜನರೂ. ದೇವರೇ ಶತ್ರುವನ್ನು ನಿನ್ನ ಕೈಗೆ ಕೊಟ್ಟಿದ್ದಾನೆ ಅಂತ ಜೊತೆಯವರು ಹುರಿದುಂಬಿಸುತ್ತಾರೆ. ದಾವೀದ ನಿಲುವಂಗಿಯ ಅಂಚು ಮಾತ್ರ ಕತ್ತರಿಸುತ್ತಾನೆ. ಅದಕ್ಕೂ ಅವನ ಮನಸ್ಸು ಚುಚ್ಚುತ್ತದೆ.

ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೇನಾಯಿತು? ದಾವೀದ ಗುಹೆಯಿಂದ ಹೊರಗೆ ಬಂದು, ಸೌಲನ ಸೈನ್ಯದ ಎದುರಿಗೇ ಕೂಗಿ ಮಾತಾಡುತ್ತಾನೆ. ಕತ್ತರಿಸಿದ ಬಟ್ಟೆ ಎತ್ತಿ ತೋರಿಸುತ್ತಾನೆ. ನಾನು ನಿನಗೆ ದ್ರೋಹ ಮಾಡಿಲ್ಲ, ನೀನು ನನ್ನ ಪ್ರಾಣ ತೆಗೆಯಲು ಹೊಂಚುತ್ತಿದ್ದೀ, ಯೆಹೋವನೇ ನಮ್ಮಿಬ್ಬರ ನಡುವೆ ನ್ಯಾಯ ತೀರಿಸಲಿ ಅನ್ನುತ್ತಾನೆ. ಇದು ಬಹಿರಂಗ ಆರೋಪ, ಸಾಕ್ಷಿ ಸಮೇತ! ಮಾಡದೆ ಬಿಟ್ಟದ್ದು ಕೊಲೆ ಒಂದನ್ನೇ.

26ನೇ ಅಧ್ಯಾಯದಲ್ಲೂ ಹಾಗೇ. ರಾತ್ರಿ ಸೌಲನ ತಲೆಯ ಹತ್ತಿರದಿಂದ ಈಟಿಯನ್ನೂ ನೀರಿನ ತಂಬಿಗೆಯನ್ನೂ ತಂದು, ದೂರದ ಗುಡ್ಡದ ಮೇಲೆ ನಿಂತು ಅಬ್ನೇರನಿಗೆ ಛೀಮಾರಿ ಹಾಕುತ್ತಾನೆ. ಸೌಲ ತಪ್ಪೊಪ್ಪಿಕೊಂಡು, ಮಗನೇ ಹಿಂದಿರುಗಿ ಬಾ, ಇನ್ನು ಕೇಡು ಮಾಡುವುದಿಲ್ಲ ಅನ್ನುತ್ತಾನೆ. ದಾವೀದ ಹೋಗುತ್ತಾನಾ? ಇಲ್ಲ. ಈಟಿಯನ್ನು ವಾಪಸ್ ಕೊಡುತ್ತಾನೆ, ತಾನು ಮಾತ್ರ ಹೋಗುವುದಿಲ್ಲ. ಅದರ ಮುಂದಿನ ಅಧ್ಯಾಯದಲ್ಲೇ ದೇಶ ಬಿಟ್ಟು ಹೋಗುತ್ತಾನೆ.

ಆದ್ದರಿಂದ ಲೆಕ್ಕ ಕೇಳಿ, ಉತ್ತರ ಬಾರದಿದ್ದಾಗ ಎದ್ದು ಬಂದ ನಿಮ್ಮಪ್ಪ ಆ ಅಧ್ಯಾಯಕ್ಕೆ ಆ ಪ್ರಸಂಗಿಗಿಂತ ಹತ್ತಿರ ಇದ್ದರು.

ಕರಾವಳಿಯವಳು

ಇದನ್ನು ಅಪ್ಪನಿಗೆ ಓದಿ ಹೇಳುತ್ತೇನೆ.

ಕೊಡಚಾದ್ರಿ ಮಳೆ

ನಡುವಿನ 25ನೇ ಅಧ್ಯಾಯವನ್ನು ಬಿಡಬೇಡಿ. ಎರಡು ಸಲ ಸೌಲನನ್ನು ಬಿಟ್ಟ ಕಥೆಗಳ ಮಧ್ಯೆ ನಾಬಾಲನ ಕಥೆ ಇಟ್ಟಿರುವುದು ಸುಮ್ನೆ ಅಲ್ಲ. ಉಣ್ಣೆ ಕತ್ತರಿಸುವ ಹಬ್ಬದಲ್ಲಿ ನಾಬಾಲ ಊಟ ಕೊಡದೆ ಬೈದು ಕಳಿಸಿದ ಅಂತ ದಾವೀದ 400 ಜನರ ಸೊಂಟಕ್ಕೆ ಕತ್ತಿ ಕಟ್ಟಿಸುತ್ತಾನೆ. ಬೆಳಗಾಗುವುದರೊಳಗೆ ಆ ಮನೆಯಲ್ಲಿ ಒಬ್ಬ ಗಂಡಸನ್ನೂ ಉಳಿಸುವುದಿಲ್ಲ ಅಂತ ಆಣೆ ಇಡುತ್ತಾನೆ. ಸೌಲನ ವಿಷಯದಲ್ಲಿ ಅಷ್ಟು ತಾಳ್ಮೆ, ಊಟಕ್ಕೆ ಇಷ್ಟು ಕೋಪ!

ತಡೆದವಳು ಅಬೀಗೈಲ. ರೊಟ್ಟಿ, ದ್ರಾಕ್ಷಾರಸ, ಕುರಿಮಾಂಸ, ಅಂಜೂರದ ಉಂಡೆಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ದಾರಿಯಲ್ಲೇ ಎದುರಾಗುತ್ತಾಳೆ. ನಾಳೆ ನೀನು ಅರಸನಾದಾಗ ನಿಷ್ಕಾರಣ ರಕ್ತ ಸುರಿಸಿದೆ ಅನ್ನುವ ಕೊರಗು ನಿನಗೆ ಬೇಡ ಅನ್ನುತ್ತಾಳೆ. ದಾವೀದನ ತಾಳ್ಮೆ ಹುಟ್ಟುಗುಣ ಅಲ್ಲ. ಬೇರೆಯವರು ಕೈ ಹಿಡಿದು ನಿಲ್ಲಿಸಿದ್ದರಿಂದ ಅದು ಉಳಿಯಿತು. ಈ ಹೆಂಗಸಿನ ಮೇಲೆ ನಾನು ಇದುವರೆಗೆ ಒಂದು ಒಳ್ಳೆಯ ಪ್ರಸಂಗ ಕೇಳಿಲ್ಲ.

ಬಲಿಪೀಠದ ಹುಡುಗ

ನಾನು ಕಥೋಲಿಕ. ನೀವೆಲ್ಲ ಸಮುವೇಲನಲ್ಲೇ ಸುತ್ತುತ್ತಿದ್ದೀರಿ. ಇದು ಕ್ರಿಸ್ತನಿಗೆ ಹೇಗೆ ಬಂದು ಸೇರುತ್ತದೆ ಅಂತ ಯಾರಾದರೂ ಹೇಳಿ. ನಮ್ಮಲ್ಲಿ ಡಿಸೆಂಬರ್ 17ರ ಪೂಜೆಯಲ್ಲಿ ಮತ್ತಾಯನ ವಂಶಾವಳಿ ಓದುತ್ತಾರೆ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ಅಲ್ಲಿಂದ ಬಾಬಿಲೋನಿಗೆ ಸೆರೆ ಹೋಗುವವರೆಗೆ 14, ಆಮೇಲೆ ಕ್ರಿಸ್ತನವರೆಗೆ 14. ಗರಿಗಳ ಭಾನುವಾರ 'ದಾವೀದನ ಪುತ್ರನಿಗೆ ಹೊಸಾನ್ನ' ಅಂತ ಹಾಡುತ್ತೇವೆ. ರಕ್ತಸಂಬಂಧ ಗೊತ್ತು. ಅದರಾಚೆ ಏನು?

ತುಂಗಾತೀರ

ಅದನ್ನೇ ಹೇಳಬೇಕು ಅಂತ ಈ ಥ್ರೆಡ್ ತೆಗೆದೆ.

ದಾವೀದನಿಗೆ ಬೆತ್ಲೆಹೇಮಿನಲ್ಲಿ ಎಣ್ಣೆ ಸುರಿದ ಕೂಡಲೇ ದೇವರ ಆತ್ಮ ಅವನ ಮೇಲೆ ಬರುತ್ತದೆ. ಸಿಂಹಾಸನ ಬರುವುದಿಲ್ಲ. ಅಲ್ಲಿ ಇನ್ನೂ ಸೌಲ ಕುಳಿತಿದ್ದಾನೆ. ಯೇಸು ಯೊರ್ದಾನಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಾಗ ಆತ್ಮ ಇಳಿಯುತ್ತದೆ, ಇವನು ನನ್ನ ಪ್ರಿಯ ಮಗನು ಅನ್ನುವ ಮಾತು ಕೇಳುತ್ತದೆ. ಅಲ್ಲಿಂದ ಅವನು ಹೋಗುವುದು ಅರಮನೆಗಲ್ಲ, ಅರಣ್ಯಕ್ಕೆ. ಸೈತಾನ ಲೋಕದ ರಾಜ್ಯಗಳನ್ನೆಲ್ಲ ತೋರಿಸಿ, ನನಗೆ ಅಡ್ಡಬಿದ್ದರೆ ಈಗಲೇ ಕೊಡುತ್ತೇನೆ ಅನ್ನುತ್ತಾನೆ. ಗುಹೆಯಲ್ಲಿ ದಾವೀದನ ಜನರು ಹೇಳಿದ್ದೂ ಅದನ್ನೇ ಅಲ್ವಾ? ಹೇಗೂ ನಿನಗೇ ಬರಬೇಕಾದದ್ದು, ಈಗಲೇ ತೆಗೆದುಕೋ.

ಯೋಹಾನ 6ರಲ್ಲಿ ರೊಟ್ಟಿ ತಿಂದ ಜನ ಅವನನ್ನು ಹಿಡಿದು ಅರಸನನ್ನಾಗಿ ಮಾಡಬೇಕು ಅಂದಾಗ ಬೆಟ್ಟಕ್ಕೆ ಹೊರಟುಹೋಗುತ್ತಾನೆ. ಗೆತ್ಸೇಮನೆಯಲ್ಲಿ ಕತ್ತಿಯನ್ನು ಒರೆಗೆ ಹಾಕು ಅನ್ನುತ್ತಾನೆ. ಕೊನೆಗೆ 'ಯೆಹೂದ್ಯರ ಅರಸನು' ಅಂತ ಬರೆದ ಹಲಗೆಯ ಕೆಳಗೆ ತೂಗುತ್ತಾನೆ.

ದಾವೀದ ಇಲ್ಲಿ ಸೋಲುತ್ತಾನೆ ಅನ್ನುವುದನ್ನೂ ಹೇಳಬೇಕು. ಅವನು ಸೌಲನನ್ನು ಬಿಟ್ಟ, ನಿಜ. ಆದರೆ ಚಿಕ್ಲಗ್‌ನಲ್ಲಿ ಬೇರೆಯವರನ್ನು ಬಿಡಲಿಲ್ಲ. ಸಿಂಹಾಸನ ಸಿಕ್ಕ ಮೇಲೆ, ಮಾಳಿಗೆಯಿಂದ ಕಂಡ ಹೆಂಗಸಿನ ಗಂಡ ಊರೀಯನನ್ನು ಬಿಡಲಿಲ್ಲ. ಅಂತರದಲ್ಲಿ ಕಲಿತದ್ದನ್ನು ಅರಮನೆಯ ಮಾಳಿಗೆಯ ಮೇಲೆ ಮರೆತ. ಅದಕ್ಕೇ ಪ್ರವಾದಿಗಳಿಗೆ ಇನ್ನೊಬ್ಬ ದಾವೀದ ಬೇಕಾಯಿತು.

ಹಳೆ ಪುಸ್ತಕ

ಇದಕ್ಕೊಂದು ಮಾತು ಜೋಡಿಸುತ್ತೇನೆ. ಯೆಶಾಯ 11 'ಇಷಯನ ಬುಡದಿಂದ ಚಿಗುರು' ಅನ್ನುತ್ತದೆ, ದಾವೀದನ ಬುಡ ಅನ್ನುವುದಿಲ್ಲ. ಮೀಕ 5 ಯೆರೂಸಲೇಮನ್ನು ಬಿಟ್ಟು ಬೆತ್ಲೆಹೇಮಿನ ಹೆಸರು ಹೇಳುತ್ತದೆ. ಇಬ್ಬರೂ ಅರಮನೆ ದಾಟಿ ಹಿಂದಕ್ಕೆ, ಕುರಿಹಟ್ಟಿಯ ಮನೆಗೆ ಹೋಗುತ್ತಾರೆ. ರಾಜವಂಶವನ್ನು ರಿಪೇರಿ ಮಾಡಿ ಸಾಗುವುದಲ್ಲ, ಮೊದಲಿನಿಂದ ಶುರು ಮಾಡಬೇಕು ಅನ್ನುವ ಧಾಟಿ.

2 ಸಮುವೇಲ 7ರಲ್ಲಿ ಪ್ರವಾದಿ ನಾತಾನನ ಮೂಲಕ ಬಂದ ವಾಗ್ದಾನ, ನಿನ್ನ ಸಿಂಹಾಸನ ಶಾಶ್ವತ ಅನ್ನುವುದು. ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟರು, ಸಿಂಹಾಸನವೇ ಉಳಿಯಲಿಲ್ಲ. ಕೀರ್ತನೆ 89 ಓದಿ, ಅರ್ಧ ವಾಗ್ದಾನದ ಹಾಡು, ಇನ್ನರ್ಧ ಮಾತು ತಪ್ಪಿದೆಯಲ್ಲಾ ಅನ್ನುವ ಜಗಳ. ಕ್ರೈಸ್ತರು ಕ್ರಿಸ್ತನಲ್ಲಿ ಉತ್ತರ ಕಾಣುವುದು ಈ ಜಗಳಕ್ಕೆ. ಪಂಚಾಶತ್ತಮ ದಿನ ಪೇತ್ರನೂ ಇದನ್ನೇ ಹೇಳುತ್ತಾನೆ: ದಾವೀದನ ಸಮಾಧಿ ನಮ್ಮಲ್ಲೇ ಇದೆ, ಆದ್ದರಿಂದ ಕೊಳೆಯಲು ಬಿಡುವುದಿಲ್ಲ ಅನ್ನುವ ಕೀರ್ತನೆಯ ಮಾತು ಅವನ ಬಗ್ಗೆ ಅಲ್ಲ, ಸತ್ತು ಎದ್ದು ಬಂದ ಕ್ರಿಸ್ತನ ಬಗ್ಗೆ. ಯೆಹೂದ್ಯರು ಇದನ್ನು ಒಪ್ಪುವುದಿಲ್ಲ, ಅವರ ಪುಸ್ತಕ ಅವರಿಗೆ ಬೇರೆ ರೀತಿ ಮಾತಾಡುತ್ತದೆ, ಅದನ್ನೂ ನೆನಪಿಡೋಣ.

ಬಲಿಪೀಠದ ಹುಡುಗ

ಅಣ್ಣ, ಹಾಗಾದರೆ ಈಗ ನಾವು ಎಲ್ಲಿದ್ದೇವೆ? ಕ್ರಿಸ್ತ ಪುನರುತ್ಥಾನನಾಗಿ ಸಿಂಹಾಸನ ಏರಿದ್ದಾನೆ ಅಂದಮೇಲೆ ಅಂತರ ಮುಗಿಯಿತಲ್ಲ?

ತುಂಗಾತೀರ

ಅವನಿಗೆ ಮುಗಿಯಿತು, ನಮಗೆ ಕಾಣುವುದು ಇನ್ನೂ ಅಂತರವೇ. ಇಬ್ರಿಯರಿಗೆ 2:8 ಎಲ್ಲವನ್ನೂ ಅವನಿಗೆ ಅಧೀನ ಮಾಡಲಾಗಿದೆ ಅನ್ನುತ್ತದೆ, ಆದರೆ ಎಲ್ಲವೂ ಅಧೀನವಾಗಿರುವುದನ್ನು ನಾವು ಇನ್ನೂ ಕಾಣುತ್ತಿಲ್ಲ ಅಂತಲೂ ಕೂಡಲೇ ಸೇರಿಸುತ್ತದೆ. ಹಾಗಾಗಿ ಸಭೆ ಇರುವ ಜಾಗ, ಓಡುತ್ತಿದ್ದ ದಾವೀದ ಅಡಗಿದ್ದ ಅದುಲ್ಲಾಮ್ ಗವಿಯ ಹಾಗಿದೆ. ಕಷ್ಟದಲ್ಲಿದ್ದವರು, ಸಾಲಗಾರರು, ಮನನೊಂದವರು ಅಲ್ಲಿ ಸೇರಿದ್ದರು, ಸುಮಾರು 400 ಜನ. ರಾಜ ಯಾರು ಅಂತ ಅವರಿಗೆ ಗೊತ್ತು, ಊರಿಗೆ ಗೊತ್ತಿಲ್ಲ.

ಕೀರ್ತನೆಗಳ ಶಿರೋನಾಮೆ ನೋಡಿದರೂ ಇದೇ. 57, 142 ಗವಿಯಲ್ಲಿದ್ದಾಗ. 56 ಗತ್‌ನಲ್ಲಿ ಸಿಕ್ಕಿಬಿದ್ದಾಗ. 52 ದೋಯೇಗ ಚಾಡಿ ಹೇಳಿದಾಗ. ಪಟ್ಟಾಭಿಷೇಕದ ದಿನದ ಶಿರೋನಾಮೆ ಒಂದೂ ಇಲ್ಲ. ನಾವು ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ ಓದುವುದು ಓಡುತ್ತಿದ್ದ ದಾವೀದನ ಹೆಸರಿಗೆ ಸೇರಿದ ಈ ಕೀರ್ತನೆಗಳನ್ನೇ.

ಗಾಳಿಮಾತು

ಮಕ್ಕಳಿಗೆ ಇದೆಲ್ಲ ಹೇಗೆ ಹೇಳುವುದು? ಅವರಿಗೆ ಗೊಲ್ಯಾತನೇ ಬೇಕು.

ಕೊಡಚಾದ್ರಿ ಮಳೆ

ಗೊಲ್ಯಾತನನ್ನು ಹೇಳಿ, ಯಾರು ಬೇಡ ಅಂದರು? ಆಮೇಲೆ 1 ಸಮುವೇಲ 30 ಹೇಳಿ. ಮಕ್ಕಳಿಗೆ ಹಿಡಿಸುತ್ತದೆ. ಚಿಕ್ಲಗ್ ಸುಟ್ಟುಹೋಗಿದೆ, ಹೆಂಡತಿ ಮಕ್ಕಳನ್ನು ಅಮಾಲೇಕ್ಯರು ಹಿಡಿದುಕೊಂಡು ಹೋಗಿದ್ದಾರೆ. 600 ಜನ ಬೆನ್ನಟ್ಟುತ್ತಾರೆ. ಬೆಸೋರ್ ಹಳ್ಳದ ಹತ್ತಿರ 200 ಜನ ಸುಸ್ತಾಗಿ ಕುಳಿತುಬಿಡುತ್ತಾರೆ. ಉಳಿದವರು ಗೆದ್ದು ಬಂದಾಗ ಕೆಲವರು, ಹಿಂದೆ ಉಳಿದವರಿಗೆ ಹೆಂಡತಿ ಮಕ್ಕಳನ್ನು ಬಿಟ್ಟು ಪಾಲು ಕೊಡಬಾರದು ಅನ್ನುತ್ತಾರೆ. ಯುದ್ಧಕ್ಕೆ ಹೋದವರಿಗೂ ಸಾಮಾನು ಕಾದವರಿಗೂ ಸಮಪಾಲು ಅಂತ ದಾವೀದ ತೀರ್ಪು ಕೊಡುತ್ತಾನೆ. ನಿಮ್ಮ ಕ್ಲಾಸಿನಲ್ಲಿ ಇದು ಸರಿಯಾ ತಪ್ಪಾ ಅಂತ ಕೇಳಿ ನೋಡಿ, ಗಂಟೆ ಹೊಡೆದರೂ ಎದ್ದು ಹೋಗುವುದಿಲ್ಲ.

ಪ್ರಶ್ನೆಗಾರ

ಅದೇ ಅಧ್ಯಾಯದ ಕೊನೆಯಲ್ಲಿ ಅವನು ಕೊಳ್ಳೆಯಲ್ಲಿ ಒಂದು ಭಾಗವನ್ನು ಯೆಹೂದದ ಹಿರಿಯರಿಗೆ ಊರೂರಿಗೆ ಉಡುಗೊರೆಯಾಗಿ ಕಳಿಸಿದ. ಪಟ್ಟಿಯಲ್ಲಿ ಹೆಬ್ರೋನೂ ಇದೆ. ಸ್ವಲ್ಪ ದಿನದಲ್ಲೇ ಹೆಬ್ರೋನಿನಲ್ಲಿ ಅಭಿಷೇಕ ಆಯಿತು. ಚುನಾವಣೆ ಖರ್ಚು ಅಂತ ಮಕ್ಕಳಿಗೆ ಅದನ್ನೂ ಹೇಳಿ.

ಹಳೆ ಪುಸ್ತಕ

ಹೇಳಬೇಕು. ಆಗ ವಯಸ್ಸು 30. ಹೆಬ್ರೋನಿನಲ್ಲಿ 7 ವರ್ಷ 6 ತಿಂಗಳು ಯೆಹೂದ ಒಂದಕ್ಕೇ ಅರಸ. ಆಮೇಲೆ ಉತ್ತರದ ಕುಲಗಳ ಹಿರಿಯರು ತಾವಾಗಿ ಬಂದು ಮೂರನೇ ಸಲ ಎಣ್ಣೆ ಸುರಿದರು. ಯೆಬೂಸಿಯರಿಂದ ಯೆರೂಸಲೇಮ್ ಗೆದ್ದು ಅಲ್ಲಿ 33 ವರ್ಷ. ಆ ಊರು ಯೆಹೂದದ್ದೂ ಆಗಿರಲಿಲ್ಲ, ಉತ್ತರದವರದ್ದೂ ಆಗಿರಲಿಲ್ಲ. ರಾಜಧಾನಿ ಆರಿಸುವುದರಲ್ಲಿ ಅವನು ಜಾಣ.

ಪ್ರಶ್ನೆಗಾರ

ಕೊನೆಯ ಪ್ರಶ್ನೆ. ಯೋನಾತಾನನ ಕುಂಟ ಮಗ ಮೆಫೀಬೋಶೆತನನ್ನು ಕರೆಸಿ ದಿನವೂ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದ. 2 ಸಮುವೇಲ 9. ಅದು ದಯೆನಾ, ಕಣ್ಗಾವಲಾ?

ತುಂಗಾತೀರ

ಯೋನಾತಾನನಿಗೆ ಮಾತು ಕೊಟ್ಟಿದ್ದು ನಿಜ, 1 ಸಮುವೇಲ 20ರಲ್ಲಿದೆ. ಸೌಲನ ಮೊಮ್ಮಗ ಕಣ್ಣೆದುರಿಗೆ ಇದ್ದರೆ ಸಿಂಹಾಸನಕ್ಕೆ ಒಳ್ಳೆಯದು ಅನ್ನುವುದೂ ನಿಜ. ನನಗೆ ಎರಡೂ ಕಾಣುತ್ತವೆ. ಮೆಫೀಬೋಶೆತನಿಗೆ ಬೇರೆ ಥ್ರೆಡ್ ತೆಗೆಯಿರಿ, ಅವನ ಆಳು ಚೀಬನ ವಿಷಯವೂ ಮಾತಾಡಬೇಕು. ಅವನ ಮೇಲೆ ನನಗೆ ಬಹಳ ಅನುಮಾನ ಇದೆ.